ಹೈಲುರಾನಿಕ್ ಆಮ್ಲ (ಸೌಂದರ್ಯವರ್ಧಕ ಘಟಕ)

ಹೈಲುರಾನಿಕ್ ಆಮ್ಲವು ಮನುಷ್ಯನೂ ಸೇರಿದಂತೆ ಕಶೇರುಕಗಳ ದೇಹದಲ್ಲಿ ಸಹಜವಾಗಿ ಉತ್ಪತ್ತಿಯಾಗುವ, ಸಕ್ಕರೆಯ ಘಟಕಗಳಿಂದ ರೂಪುಗೊಂಡ ಉದ್ದನೆಯ ಸರಪಳಿಯಂಥ ಅಣು. ಚರ್ಮ, ಕೀಲುಗಳ ನಡುವಿನ ದ್ರವ, ಕಣ್ಣುಗುಡ್ಡೆಯೊಳಗಿನ ಲೋಳೆ ಹಾಗೂ ಹೊಕ್ಕುಳಬಳ್ಳಿಯಲ್ಲಿ ಇದು ಹೇರಳವಾಗಿದೆ. ನೀರಿನಲ್ಲಿ ಕರಗಿದಾಗ ಅತ್ಯಲ್ಪ ಪ್ರಮಾಣದಲ್ಲಿಯೂ ದ್ರಾವಣವನ್ನು ಮಂದವಾಗಿಸುವ ಈ ಗುಣದಿಂದಾಗಿ ಸೀರಮ್, ಕ್ರೀಮ್, ಮುಖದ ಮಾಸ್ಕ್ ಮತ್ತು ತುಟಿಯ ಮುಲಾಮುಗಳಲ್ಲಿ ತೇವ ಕಾಯುವ ಘಟಕವಾಗಿ ಇದನ್ನು ಬಳಸಲಾಗುತ್ತದೆ. ಉತ್ಪನ್ನಗಳ ಘಟಕಪಟ್ಟಿಯಲ್ಲಿ ಇದು ಹೆಚ್ಚಾಗಿ ಕಾಣಿಸುವುದು ಸೋಡಿಯಂ ಹೈಲುರಾನೇಟ್ ಎಂಬ ಲವಣದ ಹೆಸರಿನಲ್ಲಿ.

ಹೆಸರಿನಲ್ಲಿ ಆಮ್ಲವಿದ್ದರೂ ಚರ್ಮದ ಮೇಲ್ಪದರವನ್ನು ಸುಲಿದು ತೆಗೆಯುವ ಗ್ಲೈಕಾಲಿಕ್ ಆಮ್ಲ, ಸ್ಯಾಲಿಸಿಲಿಕ್ ಆಮ್ಲಗಳ ಗುಂಪಿಗೆ ಇದು ಸೇರುವುದಿಲ್ಲ. ಅಣುವಿನ ಒಂದು ಘಟಕದಲ್ಲಿ ಕಾರ್ಬಾಕ್ಸಿಲ್ ಗುಂಪು ಇರುವುದರಿಂದ ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ಆಮ್ಲ. ದೇಹದಲ್ಲಿಯೂ ಬಹುತೇಕ ಕ್ರೀಮುಗಳಲ್ಲಿಯೂ ಅದು ಲವಣದ ರೂಪದಲ್ಲಿ ಇರುವುದರಿಂದ ಚರ್ಮವನ್ನು ಉರಿಸುವ ಗುಣ ಇದಕ್ಕಿಲ್ಲ.

ಶೋಧ ಮತ್ತು ಹೆಸರು

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ದನದ ಕಣ್ಣಿನ ಒಳಗಿನ ಗಾಜಿನಂಥ ಲೋಳೆಯಿಂದ ಈ ಪದಾರ್ಥವನ್ನು ಮೊದಲು ಬೇರ್ಪಡಿಸಿದರು. ಗ್ರೀಕ್ ಭಾಷೆಯಲ್ಲಿ ಗಾಜಿಗಿರುವ 'ಹೈಯಲೋಸ್' ಎಂಬ ಪದವನ್ನೂ ಅಣುವಿನಲ್ಲಿ ದೊರೆತ ಯುರಾನಿಕ್ ಆಮ್ಲದ ಹೆಸರನ್ನೂ ಕೂಡಿಸಿ ಅವರು ಇದಕ್ಕೆ ಹೈಲುರಾನಿಕ್ ಆಮ್ಲವೆಂದು ಕರೆದರು. ಅಣುವಿನ ಪೂರ್ಣ ರಚನೆ ಮೇಯರ್ ಅವರ ಪ್ರಯೋಗಾಲಯದಲ್ಲೇ 1950ರ ದಶಕದಲ್ಲಿ ಸ್ಪಷ್ಟವಾಯಿತು. ಆಮ್ಲವಾಗಿಯೂ ಲವಣವಾಗಿಯೂ ಕಾಣಿಸುವ ಈ ಅಣುವಿನ ಎಲ್ಲ ರೂಪಗಳಿಗೂ ಒಂದೇ ಹೆಸರಿರಲೆಂದು 1986ರಲ್ಲಿ ಎಂಡ್ರೆ ಬಲಾಜ್ ಮತ್ತು ಸಂಗಡಿಗರು 'ಹೈಲುರಾನನ್' ಎಂಬ ಪದವನ್ನು ಸೂಚಿಸಿದರು. ವೈಜ್ಞಾನಿಕ ಬರಹಗಳಲ್ಲಿ ಈಗ ಆ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಮಾರುಕಟ್ಟೆಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿದೆ.

ಬಲಾಜ್ ಅವರ ಕೆಲಸವು ಈ ಪದಾರ್ಥವನ್ನು ಪ್ರಯೋಗಾಲಯದಿಂದ ಆಸ್ಪತ್ರೆಗೆ ತಂದಿತು. ಹುಂಜದ ಜುಟ್ಟಿನಿಂದ ಹೈಲುರಾನನ್ ಅನ್ನು ಉರಿಯೂತ ಉಂಟುಮಾಡದಷ್ಟು ಶುದ್ಧವಾಗಿ ತೆಗೆಯುವ ವಿಧಾನಕ್ಕೆ ಅವರು 1979ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಆ ಶುದ್ಧ ರೂಪವು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಸೂಕ್ಷ್ಮ ಪದರಗಳಿಗೆ ಗಾಯವಾಗದಂತೆ ಕಾಯುವ ಜೆಲ್ ಆಗಿ ಬಳಕೆಗೆ ಬಂದಿತು. ಸೌಂದರ್ಯವರ್ಧಕಗಳಲ್ಲಿ ಇದರ ವ್ಯಾಪಕ ಬಳಕೆ ಆ ನಂತರದ್ದು.

ರಚನೆ

ಗ್ಲುಕುರಾನಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಗ್ಲುಕೋಸಮೈನ್ ಎಂಬ ಎರಡು ಸಕ್ಕರೆಗಳು ಜೋಡಿಯಾಗಿ, ಆ ಜೋಡಿಯೇ ಸಾವಿರಾರು ಬಾರಿ ಪುನರಾವರ್ತನೆಗೊಂಡು ಹೈಲುರಾನನ್ ಸರಪಳಿಯಾಗುತ್ತದೆ. ಗ್ಲೈಕೋಸಮಿನೋಗ್ಲೈಕಾನ್ ಎಂಬ ಕುಟುಂಬಕ್ಕೆ ಇದು ಸೇರಿದೆ. ಕುಟುಂಬದ ಇತರ ಸದಸ್ಯರಲ್ಲಿ ಗಂಧಕವನ್ನೊಳಗೊಂಡ ಸಲ್ಫೇಟ್ ಗುಂಪುಗಳಿವೆ, ಇದರಲ್ಲಿ ಇಲ್ಲ. ಅವು ಪ್ರೋಟೀನಿಗೆ ಅಂಟಿಕೊಂಡೇ ಬೆಳೆಯುತ್ತವೆ, ಇದು ಸ್ವತಂತ್ರವಾಗಿ ಬೆಳೆಯುತ್ತದೆ. ಜೀವಕೋಶದ ಹೊರಪೊರೆಯಲ್ಲಿರುವ ಮೂರು ಬಗೆಯ ಕಿಣ್ವಗಳು ಸರಪಳಿಯನ್ನು ನೇಯುತ್ತಾ, ಉದ್ದವಾದಂತೆಲ್ಲ ಅದನ್ನು ಕೋಶದ ಹೊರಕ್ಕೆ ತಳ್ಳುತ್ತವೆ.

ಒಂದು ಜೋಡಿಯ ತೂಕ ಸುಮಾರು 400 ಡಾಲ್ಟನ್, ಉದ್ದ ಸುಮಾರು 1 ನ್ಯಾನೋಮೀಟರ್. ಹತ್ತು ಸಾವಿರ ಜೋಡಿಗಳಿರುವ ಸರಪಳಿ 40 ಲಕ್ಷ ಡಾಲ್ಟನ್ ತೂಗುತ್ತದೆ. ಅದನ್ನು ಎಳೆದು ನೇರವಾಗಿಸಿದರೆ 10 ಮೈಕ್ರೋಮೀಟರ್ ಉದ್ದವಾಗುತ್ತದೆ, ಅಂದರೆ ಚರ್ಮದ ಅತ್ಯಂತ ಹೊರಗಿನ ಪದರದ ದಪ್ಪಕ್ಕೆ ಹೆಚ್ಚುಕಡಿಮೆ ಸಮ. ನೀರಿನಲ್ಲಿ ಸರಪಳಿ ಹೀಗೆ ನೇರವಾಗಿ ನಿಲ್ಲುವುದಿಲ್ಲ. ಅದರ ಮೇಲಿನ ಋಣ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುವುದರಿಂದ ಸಡಿಲವಾಗಿ ಸುತ್ತಿದ ನೂಲಿನ ಉಂಡೆಯಂತೆ ಹರಡಿಕೊಂಡು, ತನ್ನೊಳಗೆ ಬಹಳಷ್ಟು ನೀರನ್ನು ಸೇರಿಸಿಕೊಂಡಿರುತ್ತದೆ. ದ್ರಾವಣದ ಲೋಳೆತನಕ್ಕೆ ಕಾರಣ ಈ ಉಂಡೆಗಳು ಪರಸ್ಪರ ಹೆಣೆದುಕೊಳ್ಳುವುದು.

ಚರ್ಮದಲ್ಲಿ ಹೈಲುರಾನನ್

ಸುಮಾರು 70 ಕಿಲೋಗ್ರಾಂ ತೂಕದ ವ್ಯಕ್ತಿಯ ದೇಹದಲ್ಲಿ ಹೈಲುರಾನನ್ ಒಟ್ಟು 15 ಗ್ರಾಂನಷ್ಟಿದ್ದು, ಅದರಲ್ಲಿ ಅರ್ಧದಷ್ಟು ಚರ್ಮದಲ್ಲಿದೆ. ಇದು ಸ್ಥಿರವಾದ ದಾಸ್ತಾನಲ್ಲ. ದೇಹದ ಒಟ್ಟು ಮೊತ್ತದ ಮೂರನೆಯ ಒಂದು ಭಾಗದಷ್ಟು ಪ್ರತಿದಿನ ಒಡೆದುಹೋಗಿ ಹೊಸದಾಗಿ ತಯಾರಾಗುತ್ತದೆ. ಚರ್ಮದಲ್ಲಿ ಇದರ ಅರ್ಧಾಯುಷ್ಯ ಸುಮಾರು ಒಂದು ದಿನ, ರಕ್ತದಲ್ಲಿ ಕೆಲವೇ ನಿಮಿಷ. ಹೈಲುರಾನಿಡೇಸ್ ಎಂಬ ಕಿಣ್ವಗಳು ಸರಪಳಿಯನ್ನು ತುಂಡರಿಸುತ್ತವೆ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಹುಟ್ಟುವ ಮುಕ್ತ ರ‍್ಯಾಡಿಕಲ್‌ಗಳೂ ಅದನ್ನು ಕತ್ತರಿಸಬಲ್ಲವು.

ಚರ್ಮದ ಒಳಪದರವಾದ ಡರ್ಮಿಸ್‌ನಲ್ಲಿ ಕೊಲಾಜೆನ್ ನಾರುಗಳ ನಡುವಿನ ಎಡೆಯನ್ನು ಹೈಲುರಾನನ್ ತುಂಬಿದ್ದು, ಚರ್ಮಕ್ಕೆ ಮೈತುಂಬಿದ ನೋಟ ಕೊಡುತ್ತದೆ. ಹೊರಪದರವಾದ ಎಪಿಡರ್ಮಿಸ್‌ನ ಜೀವಂತ ಕೋಶಗಳ ನಡುವೆಯೂ ಇದು ಇದೆ. ವಯಸ್ಸಾದಂತೆ ಎಪಿಡರ್ಮಿಸ್‌ನಲ್ಲಿ ಇದು ಗಮನಾರ್ಹವಾಗಿ ಕಡಿಮೆಯಾಗುತ್ತದೆ. ಡರ್ಮಿಸ್‌ನಲ್ಲಿ ಉಳಿದಿದ್ದರೂ ಸುತ್ತಲಿನ ಅಂಗಾಂಶಕ್ಕೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ವೃದ್ಧರ ಚರ್ಮ ತೆಳುವಾಗಿ ಒಣಗಿದಂತೆ ಕಾಣಲು ಇದೂ ಒಂದು ಕಾರಣ, ಒಂದೇ ಕಾರಣವಲ್ಲ. ಕೊಲಾಜೆನ್ ಮತ್ತು ಎಲಾಸ್ಟಿನ್‌ಗಳ ನಷ್ಟ, ಎಣ್ಣೆಗ್ರಂಥಿಗಳ ಮಂದಗತಿ, ದಶಕಗಳ ಬಿಸಿಲು ಇವೆಲ್ಲವೂ ಅದರಲ್ಲಿ ಸೇರಿವೆ.

ಒಳಗೆ ಕಡಿಮೆಯಾದುದನ್ನು ಹೊರಗಿನಿಂದ ಹಚ್ಚಿ ತುಂಬಬಹುದು ಎಂಬ ತರ್ಕದ ಮೇಲೆ ಈ ಘಟಕದ ಜಾಹೀರಾತುಗಳು ಬಹುಮಟ್ಟಿಗೆ ನಿಂತಿವೆ. ಹಚ್ಚಿದ್ದು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಆ ತರ್ಕದಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಪ್ರಶ್ನೆ.

ತೇವ ಕಾಯುವ ಬಗೆ

ಚರ್ಮದ ತೀರ ಹೊರಗಿನ ಪದರ ಸ್ಟ್ರೇಟಮ್ ಕಾರ್ನಿಯಮ್. ಸತ್ತು ಚಪ್ಪಟೆಯಾದ ಕೋಶಗಳನ್ನು ಇಟ್ಟಿಗೆಗಳೆಂದೂ ಅವುಗಳ ನಡುವಿನ ಕೊಬ್ಬಿನಂಶವನ್ನು ಗಾರೆಯೆಂದೂ ಇದಕ್ಕೆ ಹೋಲಿಕೆ ಕೊಡುವುದುಂಟು. ಇದರಲ್ಲಿನ ನೀರಿನ ಅಂಶ ಶೇಕಡ 10ಕ್ಕಿಂತ ಕೆಳಗಿಳಿದರೆ ಚರ್ಮ ಬಿರುಸಾಗಿ ಹೊಟ್ಟೇಳುತ್ತದೆ, ಬಿರಿಯುತ್ತದೆ. ತೇವ ಕಾಯುವ ಲೇಪಗಳ ಕೆಲಸ ನಡೆಯುವುದು ಈ ಪದರದಲ್ಲಿ.

ಅಂಥ ಲೇಪಗಳಲ್ಲಿ ಮೂರು ಬಗೆಯ ಘಟಕಗಳಿರುತ್ತವೆ. ಗ್ಲಿಸರಿನ್, ಯೂರಿಯಾ ಮೊದಲಾದವು ನೀರನ್ನು ಹಿಡಿದಿಡುವ ತೇವಾಕರ್ಷಕಗಳು. ಪೆಟ್ರೋಲಿಯಂ ಜೆಲ್ಲಿ, ಮೇಣಗಳು ನೀರು ಆವಿಯಾಗದಂತೆ ಮುಚ್ಚುವ ತಡೆಪದರಗಳು. ಕೋಶಗಳ ನಡುವಿನ ಸಂದುಗಳನ್ನು ತುಂಬಿ ನುಣುಪು ಕೊಡುವ ಸ್ನಿಗ್ಧಕಾರಕಗಳು ಮೂರನೆಯವು. ಹೈಲುರಾನಿಕ್ ಆಮ್ಲವನ್ನು ಮೊದಲನೆಯ ಗುಂಪಿಗೆ ಸೇರಿಸುವುದು ರೂಢಿ. ದೊಡ್ಡ ಅಣುತೂಕದ ಹೈಲುರಾನನ್ ಚರ್ಮದ ಮೇಲೆ ಒಣಗಿದಾಗ ತೆಳುವಾದ, ನೀರನ್ನೊಳಗೊಂಡ ಪೊರೆಯಾಗಿ ಉಳಿಯುವುದರಿಂದ ಎರಡನೆಯ ಗುಂಪಿನ ಕೆಲಸವನ್ನೂ ಅಲ್ಪಮಟ್ಟಿಗೆ ಮಾಡುತ್ತದೆ. ಸೀರಮ್ ಹಚ್ಚಿದ ಕೂಡಲೇ ಸಣ್ಣ ಗೆರೆಗಳು ಮಸುಕಾದಂತೆ ಕಾಣುವುದು ಮೇಲ್ಪದರ ನೀರು ಕುಡಿದು ಉಬ್ಬುವುದರಿಂದ. ಮುಖ ತೊಳೆದು ನೀರು ಆರಿದ ಮೇಲೆ ಈ ಪರಿಣಾಮವೂ ಇಳಿಯುತ್ತದೆ.

'ಸಾವಿರ ಪಟ್ಟು' ಎಂಬ ಮಾತು

ಹೈಲುರಾನಿಕ್ ಆಮ್ಲ ತನ್ನ ತೂಕದ ಸಾವಿರ ಪಟ್ಟು ನೀರನ್ನು ಹಿಡಿದಿಡುತ್ತದೆ ಎಂಬ ವಾಕ್ಯ ಜಾಹೀರಾತುಗಳಲ್ಲಿಯೂ ಅನೇಕ ಲೇಖನಗಳಲ್ಲಿಯೂ ಪುನರಾವರ್ತನೆಯಾಗುತ್ತದೆ. ಇದರ ಹಿಂದೆ ಒಂದು ನಿಜಾಂಶವಿದೆ. ದೊಡ್ಡ ಅಣುತೂಕದ ಹೈಲುರಾನನ್ ತೆಳು ದ್ರಾವಣದಲ್ಲಿದ್ದಾಗ ಅದರ ಸಡಿಲ ಉಂಡೆಗಳು ವ್ಯಾಪಿಸುವ ಗಾತ್ರ ಒಣ ಪದಾರ್ಥದ ಗಾತ್ರದ ಸುಮಾರು ಸಾವಿರ ಪಟ್ಟಿನಷ್ಟಿರುತ್ತದೆ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಹಾಕಿದರೆ ಉಂಡೆಗಳು ಒಂದಕ್ಕೊಂದು ತಾಗುವಷ್ಟು ಹರಡಿ, ಇಡೀ ಲೀಟರನ್ನು ತುಂಬುತ್ತವೆ ಎಂಬುದು ಇದರ ಅರ್ಥ. ಆ ನೀರಿನ ಬಹುಪಾಲು ಉಂಡೆಯ ಎಳೆಗಳ ನಡುವೆ ಬಿಡಿಯಾಗಿಯೇ ಇರುತ್ತದೆ, ಅಣುವಿಗೆ ಬಿಗಿಯಾಗಿ ಕಟ್ಟಿಕೊಂಡಿರುವುದಿಲ್ಲ. ಅದು ಸಾಮಾನ್ಯ ನೀರಿನಂತೆಯೇ ಆವಿಯಾಗಬಲ್ಲದು. ಒಣ ಹೈಲುರಾನಿಕ್ ಆಮ್ಲದ ಪುಡಿಯನ್ನು ಸಾಧಾರಣ ತೇವವಿರುವ ಗಾಳಿಯಲ್ಲಿಟ್ಟರೆ ಅದು ಹೀರಿಕೊಳ್ಳುವ ನೀರು ಅದರ ಸ್ವಂತ ತೂಕಕ್ಕಿಂತ ಕಡಿಮೆ.

ಸರಳ ಲೆಕ್ಕವೊಂದರಿಂದಲೂ ಇದನ್ನು ಪರೀಕ್ಷಿಸಬಹುದು. ಶೇಕಡ 1ರ ಸೀರಮ್ ಅನ್ನು ಮುಖಕ್ಕೆ ಅರ್ಧ ಮಿಲಿಲೀಟರ್ ಹಚ್ಚಿದರೆ ಅದರಲ್ಲಿ ಹೈಲುರಾನಿಕ್ ಆಮ್ಲ 5 ಮಿಲಿಗ್ರಾಂ ಇರುತ್ತದೆ. ಸಾವಿರ ಪಟ್ಟು ಎಂಬುದು ಅಕ್ಷರಶಃ ನಿಜವಾದರೆ ಅದು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ನೀರನ್ನು ಮುಖದ ಮೇಲೆ ಕೂಡಿಹಾಕಬೇಕು. ಹಚ್ಚಿದ ಸೀರಮ್ಮಿನಲ್ಲಿದ್ದ ನೀರೇ ಅದರ ಹತ್ತನೆಯ ಒಂದು ಭಾಗ, ಅದೂ ಕೆಲವೇ ನಿಮಿಷಗಳಲ್ಲಿ ಬಹುಪಾಲು ಆರಿಹೋಗುತ್ತದೆ. ಘಟಕಕ್ಕೆ ಗುಣವಿಲ್ಲವೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ದ್ರಾವಣದಲ್ಲಿ ಅಳೆದ ಸಂಖ್ಯೆಯನ್ನು ಚರ್ಮಕ್ಕೆ ಅನ್ವಯಿಸಲಾಗದು, ಅಷ್ಟೆ.

ಅಣುತೂಕ ಮತ್ತು ಒಳಸೇರುವಿಕೆ

ಚರ್ಮದ ಮೂಲಕ ಸುಲಭವಾಗಿ ಹಾದುಹೋಗಲು ಪದಾರ್ಥವೊಂದರ ಅಣುತೂಕ 500 ಡಾಲ್ಟನ್‌ಗಿಂತ ಕಡಿಮೆಯಿರಬೇಕು ಎಂಬುದು ಚರ್ಮವಿಜ್ಞಾನದಲ್ಲಿ ಪ್ರಚಲಿತವಿರುವ ಸ್ಥೂಲ ನಿಯಮ. ಹೈಲುರಾನನ್‌ನ ಒಂದೇ ಜೋಡಿ ಆ ಮಿತಿಯ ಹತ್ತಿರವಿದೆ. ಸೌಂದರ್ಯವರ್ಧಕಗಳಲ್ಲಿ ಬಳಕೆಯಾಗುವುದು ಸಾವಿರಗಳಿಂದ ಹತ್ತಾರು ಲಕ್ಷ ಡಾಲ್ಟನ್‌ಗಳವರೆಗಿನ ಸರಪಳಿಗಳು. ನೀರಿಗೆ ಒಲಿದ ಅಣುವಾದುದರಿಂದ ಕೊಬ್ಬಿನ ಗಾರೆಯನ್ನು ದಾಟುವುದು ಇದಕ್ಕೆ ಮತ್ತಷ್ಟು ಕಷ್ಟ.

ಹೀಗಿದ್ದರೂ 500ರ ನಿಯಮ ಕೊನೆಯ ಮಾತಲ್ಲ. ರಾಮನ್ ರೋಹಿತ ವಿಧಾನದಿಂದ ಮನುಷ್ಯನ ಚರ್ಮದ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸಾವಿರದಿಂದ 3 ಲಕ್ಷ ಡಾಲ್ಟನ್‌ವರೆಗಿನ ಹೈಲುರಾನನ್ ಸ್ಟ್ರೇಟಮ್ ಕಾರ್ನಿಯಮ್ ಅನ್ನು ದಾಟಿದ್ದು ಕಂಡುಬಂದಿತು. 10ರಿಂದ 14 ಲಕ್ಷ ಡಾಲ್ಟನ್‌ನದು ಒಳಹೋಗಲಿಲ್ಲ. ಚಾರಿತ್ರಿಕವಾಗಿ ಇನ್ನೊಂದು ಹೆಚ್ಚು ಉಲ್ಲೇಖಗೊಂಡ ಪ್ರಯೋಗ 2011ರದು. 76 ಮಹಿಳೆಯರು ಶೇಕಡ 0.1ರಷ್ಟು ಹೈಲುರಾನನ್ ಇರುವ ಕ್ರೀಮನ್ನು ಕಣ್ಣಿನ ಸುತ್ತ 60 ದಿನ ದಿನಕ್ಕೆರಡು ಬಾರಿ ಹಚ್ಚಿದರು. ಬಳಸಿದ ಅಣುತೂಕಗಳು 50 ಸಾವಿರದಿಂದ 20 ಲಕ್ಷ ಡಾಲ್ಟನ್‌ವರೆಗೆ ಇದ್ದವು. ಎಲ್ಲ ಗಾತ್ರಗಳಿಂದಲೂ ಚರ್ಮದ ತೇವ ಹಾಗೂ ಸ್ಥಿತಿಸ್ಥಾಪಕತೆ ಸುಧಾರಿಸಿದವು, ಸುಕ್ಕಿನ ಆಳ ಕಡಿಮೆಯಾದದ್ದು ಚಿಕ್ಕ ಗಾತ್ರಗಳಲ್ಲಿ. ತೇವದ ಮಟ್ಟಿಗೆ ಹೇಳುವುದಾದರೆ ದೊಡ್ಡ ಅಣು ನಿಷ್ಪ್ರಯೋಜಕವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಚಿಕ್ಕದಾದಷ್ಟೂ ಒಳ್ಳೆಯದು ಎನ್ನಲೂ ಬರುವುದಿಲ್ಲ. ದೇಹದಲ್ಲಿ ಗಾಯವಾದಾಗ ಹೈಲುರಾನನ್ ತುಂಡಾಗುತ್ತದೆ, ಆ ತುಂಡುಗಳನ್ನು ರೋಗನಿರೋಧಕ ಕೋಶಗಳು ಹಾನಿಯ ಸೂಚನೆಯಾಗಿ ಗ್ರಹಿಸಿ ಉರಿಯೂತವನ್ನು ಪ್ರಚೋದಿಸುತ್ತವೆ. ಉದ್ದನೆಯ ಸರಪಳಿಗಳ ಪ್ರಭಾವ ಇದಕ್ಕೆ ವಿರುದ್ಧವಾಗಿ ಶಾಮಕ. ಇದು ಮುಖ್ಯವಾಗಿ ಕೋಶಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದ ಸಂಗತಿ. ಕ್ರೀಮಿನಲ್ಲಿರುವ ಚಿಕ್ಕ ಸರಪಳಿಗಳು ಆರೋಗ್ಯವಂತ ಚರ್ಮದಲ್ಲಿ ಅಷ್ಟು ಪ್ರಬಲವಾಗಿ ವರ್ತಿಸುತ್ತವೆ ಎಂದು ಇದರಿಂದಷ್ಟೇ ಹೇಳಲಾಗದು. ತಯಾರಕರು ಹಲವು ಗಾತ್ರಗಳನ್ನು ಬೆರೆಸಿ ಬಳಸುವುದು ಸಾಮಾನ್ಯವಾಗಿದೆ.

ಉತ್ಪಾದನೆ

ಆರಂಭದಲ್ಲಿ ಹುಂಜದ ಜುಟ್ಟೇ ಮುಖ್ಯ ಮೂಲವಾಗಿತ್ತು. ಪ್ರಾಣಿಜನ್ಯ ಪ್ರೋಟೀನುಗಳನ್ನು ಪೂರ್ತಿಯಾಗಿ ಬೇರ್ಪಡಿಸುವುದು ಶ್ರಮದ, ದುಬಾರಿ ಕೆಲಸ. ಪರ್ಯಾಯ ಮಾರ್ಗದ ಸುಳಿವು ಬಹಳ ಹಿಂದೆಯೇ ದೊರೆತಿತ್ತು. ಸ್ಟ್ರೆಪ್ಟೊಕಾಕಸ್ ಗುಂಪಿನ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಹೈಲುರಾನನ್‌ನ ಕವಚ ಕಟ್ಟಿಕೊಳ್ಳುತ್ತವೆ ಎಂಬುದು 1937ರಲ್ಲಿಯೇ ವರದಿಯಾಗಿತ್ತು. ಆ ಕವಚ ರಾಸಾಯನಿಕವಾಗಿ ಆತಿಥೇಯ ಪ್ರಾಣಿಯದರಂತೆಯೇ ಇರುವುದರಿಂದ ದೇಹದ ರಕ್ಷಣಾ ವ್ಯವಸ್ಥೆಗೆ ಬ್ಯಾಕ್ಟೀರಿಯಾ ಸುಲಭವಾಗಿ ಸಿಗುವುದಿಲ್ಲ. ರೋಗಾಣುವಿನ ವೇಷವೇ ಮುಂದೆ ಕೈಗಾರಿಕೆಗೆ ಕಚ್ಚಾವಸ್ತುವಾಯಿತು.

1980ರ ದಶಕದಲ್ಲಿ ಜಪಾನಿನ ಶಿಸೈಡೊ ಕಂಪನಿ ಹುದುಗುವಿಕೆಯ ವಿಧಾನವನ್ನು ಅಭಿವೃದ್ಧಿಪಡಿಸಿದ ಬಳಿಕ ಬೆಲೆ ಇಳಿಯತೊಡಗಿತು. ಕುದುರೆಗಳಲ್ಲಿ ಸೋಂಕು ತರುವ ಸ್ಟ್ರೆಪ್ಟೊಕಾಕಸ್ ಝೂಎಪಿಡೆಮಿಕಸ್ ಅನ್ನು ಸಕ್ಕರೆಯ ದ್ರಾವಣವಿರುವ ತೊಟ್ಟಿಗಳಲ್ಲಿ ಬೆಳೆಸಿ, ಅದು ಸ್ರವಿಸಿದ ಹೈಲುರಾನನ್ ಅನ್ನು ಸೋಸಿ, ಆಲ್ಕೊಹಾಲ್ ಬಳಸಿ ಗರಣೆಗಟ್ಟಿಸಿ, ಒಣಗಿಸಿ ಬಿಳಿಯ ಪುಡಿಯಾಗಿಸುತ್ತಾರೆ. ರೋಗಕಾರಕವಲ್ಲದ ಬ್ಯಾಸಿಲಸ್ ಸಬ್ಟಿಲಿಸ್‌ಗೆ ಬೇಕಾದ ಜೀನನ್ನು ಸೇರಿಸಿ ಉತ್ಪಾದಿಸುವ ವಿಧಾನವೂ ಇದೆ. ಈಗ ಜಗತ್ತಿನ ಉತ್ಪಾದನೆಯಲ್ಲಿ ಚೀನಾಕ್ಕೆ ಮೊದಲ ಸ್ಥಾನವಿದ್ದು, ಶಾನ್‌ಡಾಂಗ್ ಪ್ರಾಂತ್ಯ ಅದರ ಕೇಂದ್ರವಾಗಿದೆ. ಹುದುಗುವಿಕೆಯಿಂದ ಬಂದ ಹೈಲುರಾನನ್‌ನಲ್ಲಿ ಹುಂಜದ ಜುಟ್ಟಿನ ಪಾತ್ರ ಇರುವುದಿಲ್ಲವಾದ್ದರಿಂದ ಸಸ್ಯಾಹಾರಿ ಬಳಕೆದಾರರ ಆಕ್ಷೇಪಕ್ಕೆ ಕಾರಣ ಉಳಿದಿಲ್ಲ.

ಉತ್ಪನ್ನಗಳಲ್ಲಿ ಬಳಕೆ

ಘಟಕಪಟ್ಟಿಯಲ್ಲಿ ಇದು ಹಲವು ಹೆಸರುಗಳಲ್ಲಿ ಬರುತ್ತದೆ. ಸೋಡಿಯಂ ಹೈಲುರಾನೇಟ್ ಅತಿ ಸಾಮಾನ್ಯ. ಹೈಡ್ರೊಲೈಸ್ಡ್ ಹೈಲುರಾನಿಕ್ ಆಸಿಡ್ ಎಂದಿದ್ದರೆ ಸರಪಳಿಯನ್ನು ಕತ್ತರಿಸಿ ಚಿಕ್ಕದು ಮಾಡಲಾಗಿದೆ ಎಂದರ್ಥ. ಸೋಡಿಯಂ ಅಸಿಟೈಲೇಟೆಡ್ ಹೈಲುರಾನೇಟ್ ಚರ್ಮಕ್ಕೆ ಹೆಚ್ಚು ಅಂಟಿಕೊಳ್ಳುವಂತೆ ಮಾರ್ಪಡಿಸಿದ ರೂಪ. ಕ್ರಾಸ್‌ಪಾಲಿಮರ್ ಎಂಬುದು ಸರಪಳಿಗಳನ್ನು ಒಂದಕ್ಕೊಂದು ಕಟ್ಟಿ ಬಲೆಯಂತೆ ಮಾಡಿದುದು.

ಶೇಕಡ 1ರ ದ್ರಾವಣವೇ ಲೋಳೆಸರದ ತಿರುಳಿನಂತೆ ಮಂದವಾಗುವುದರಿಂದ ದೊಡ್ಡ ಅಣುತೂಕದ ರೂಪವನ್ನು ಅದಕ್ಕಿಂತ ಬಹಳ ಹೆಚ್ಚು ಸೇರಿಸುವುದು ಕಷ್ಟ. ಹೆಚ್ಚು ಸೇರಿಸಿದರೆ ಒಣಗಿದ ಮೇಲೆ ಚರ್ಮ ಬಿಗಿದಂತಾಗುತ್ತದೆ, ಮೇಲೆ ಮತ್ತೊಂದು ಕ್ರೀಮ್ ತಿಕ್ಕಿದಾಗ ಪೊರೆ ಸಣ್ಣ ಸಣ್ಣ ಎಳೆಗಳಾಗಿ ಕಿತ್ತುಬರುತ್ತದೆ. ಆದುದರಿಂದ ಸೀಸೆಯ ಮೇಲೆ ದೊಡ್ಡ ಅಂಕೆಯಲ್ಲಿ ಅಚ್ಚಾದ ಶೇಕಡಾವಾರನ್ನು ಎಚ್ಚರಿಕೆಯಿಂದ ಓದಬೇಕು. ತಯಾರಕರಿಗೆ ಹೈಲುರಾನನ್ ಪುಡಿಯಾಗಿಯೂ ದೊರೆಯುತ್ತದೆ, ಶೇಕಡ 1ರ ಸಿದ್ಧ ದ್ರಾವಣವಾಗಿಯೂ ದೊರೆಯುತ್ತದೆ. ಲೇಬಲ್ಲಿನ ಅಂಕೆ ಇವೆರಡರಲ್ಲಿ ಯಾವುದರ ಪ್ರಮಾಣ ಎಂಬುದು ಸ್ಪಷ್ಟವಾಗಿಲ್ಲದಿದ್ದರೆ ನಿಜವಾದ ಪ್ರಮಾಣದಲ್ಲಿ ನೂರು ಪಟ್ಟು ವ್ಯತ್ಯಾಸ ಸಾಧ್ಯ.

ಘಟಕಪಟ್ಟಿಯಲ್ಲಿ ಅದರ ಸ್ಥಾನವೂ ಹೆಚ್ಚಿನ ಮಾಹಿತಿ ಕೊಡುವುದಿಲ್ಲ. ಭಾರತದ ನಿಯಮಗಳ ಪ್ರಕಾರ ಶೇಕಡ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಹೈಲುರಾನಿಕ್ ಆಮ್ಲ ಸಾಮಾನ್ಯವಾಗಿ ಎರಡನೆಯ ಗುಂಪಿಗೆ ಸೇರುತ್ತದೆ. ಅದೇ ಪಟ್ಟಿಯಲ್ಲಿ ಬಹಳ ಮೇಲೆ ಗ್ಲಿಸರಿನ್ ಇರುವುದೂ ಸಾಮಾನ್ಯ. ಅಗ್ಗದ, ಚಿಕ್ಕ ಅಣುವಿನ, ಸ್ಟ್ರೇಟಮ್ ಕಾರ್ನಿಯಮ್ ಒಳಕ್ಕೆ ಸುಲಭವಾಗಿ ಇಳಿಯುವ ಗ್ಲಿಸರಿನ್ ಅನೇಕ 'ಹೈಲುರಾನಿಕ್' ಉತ್ಪನ್ನಗಳಲ್ಲಿ ತೇವ ಕಾಯುವ ಕೆಲಸದ ದೊಡ್ಡ ಪಾಲನ್ನು ಹೊರುತ್ತದೆ, ಹೆಸರು ಮಾತ್ರ ಇನ್ನೊಂದರದು.

ಒಣ ಹವೆಯಲ್ಲಿ ತೇವಾಕರ್ಷಕಗಳು ಚರ್ಮದ ಒಳಗಿನ ನೀರನ್ನೇ ಮೇಲಕ್ಕೆ ಸೆಳೆದು ಆವಿಯಾಗಲು ಬಿಡುತ್ತವೆ ಎಂಬ ಎಚ್ಚರಿಕೆ ಕೇಳಿಬರುತ್ತದೆ. ತಡೆಪದರವಿಲ್ಲದೆ ತೇವಾಕರ್ಷಕವನ್ನಷ್ಟೇ ಹಚ್ಚಿದಾಗ ಒಣ ಗಾಳಿಯಲ್ಲಿ ಪ್ರಯೋಜನ ಕಡಿಮೆಯಾಗುವುದು ಸಹಜ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಸೀರಮ್ ಒಂದೇ ಸಾಕೆನಿಸಿದರೆ, ಕಲಬುರಗಿ ಅಥವಾ ವಿಜಯಪುರದ ಬೇಸಿಗೆಯ ಒಣ ಮಧ್ಯಾಹ್ನದಲ್ಲಿ, ದಿನವಿಡೀ ಹವಾನಿಯಂತ್ರಿತ ಕೋಣೆಯಲ್ಲಿ ಕೂರುವವರಿಗೆ, ಅದರ ಮೇಲೆ ಕೊಬ್ಬಿನಂಶವಿರುವ ಕ್ರೀಮಿನ ಅಗತ್ಯ ಬೀಳುತ್ತದೆ. ಮುಖ ತೊಳೆದು ಪೂರ್ತಿ ಒಣಗುವ ಮೊದಲೇ ಸೀರಮ್ ಹಚ್ಚಿ ಕೂಡಲೇ ಕ್ರೀಮಿನಿಂದ ಮುಚ್ಚಬೇಕೆಂಬ ಸಲಹೆಯ ಹಿಂದಿರುವುದು ಇದೇ ಕಾರಣ.

ಸುರಕ್ಷತೆ

ದೇಹಕ್ಕೆ ಪರಿಚಿತವಾದ ಅಣುವಾದುದರಿಂದ ಹೈಲುರಾನನ್‌ಗೆ ಅಲರ್ಜಿ ಅಪರೂಪ. ಅಮೆರಿಕದ ಕಾಸ್ಮೆಟಿಕ್ ಇನ್‌ಗ್ರೀಡಿಯೆಂಟ್ ರಿವ್ಯೂ ತಜ್ಞಮಂಡಳಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೌಂದರ್ಯವರ್ಧಕಗಳಲ್ಲಿ ಬಳಕೆಯಲ್ಲಿರುವ ರೀತಿಯಲ್ಲಿ ಇದು ಸುರಕ್ಷಿತವೆಂದು ಅಭಿಪ್ರಾಯಪಟ್ಟಿದೆ. ಸೀರಮ್ ಹಚ್ಚಿದಾಗ ತುರಿಕೆ ಅಥವಾ ಕೆಂಪಾಗುವಿಕೆ ಕಾಣಿಸಿಕೊಂಡರೆ ಸುಗಂಧ, ಸಂರಕ್ಷಕ ಮೊದಲಾದ ಇತರ ಘಟಕಗಳ ಮೇಲೆ ಮೊದಲು ಸಂಶಯ ಪಡಬೇಕಾಗುತ್ತದೆ. ನೀರೇ ಪ್ರಧಾನವಾದ ಉತ್ಪನ್ನದಲ್ಲಿ ಸೂಕ್ಷ್ಮಜೀವಿಗಳು ಬೆಳೆಯದಂತೆ ಸಂರಕ್ಷಕ ಇರಲೇಬೇಕು; ಪುಡಿ ಕೊಂಡು ಮನೆಯಲ್ಲೇ ಸೀರಮ್ ತಯಾರಿಸಿಕೊಳ್ಳುವವರು ಈ ಅಂಶವನ್ನು ಮರೆಯುವುದುಂಟು.

ಚುಚ್ಚುಮದ್ದಿನ ಫಿಲ್ಲರ್‌ಗಳು

ಒಂದೇ ಹೆಸರಿನಿಂದಾಗಿ ಕ್ರೀಮು ಮತ್ತು ಫಿಲ್ಲರ್‌ಗಳ ನಡುವೆ ಗೊಂದಲವಾಗುತ್ತದೆ. ಫಿಲ್ಲರ್ ಎಂಬುದು ಚರ್ಮದೊಳಗೆ ಸೂಜಿಯಿಂದ ಸೇರಿಸುವ ವೈದ್ಯಕೀಯ ಜೆಲ್. ಸಹಜ ಹೈಲುರಾನನ್ ಚರ್ಮದಲ್ಲಿ ಕೆಲವೇ ದಿನಗಳಲ್ಲಿ ಕರಗಿಹೋಗುವುದರಿಂದ, ಫಿಲ್ಲರ್‌ಗಳಲ್ಲಿ ಅದರ ಸರಪಳಿಗಳನ್ನು ರಾಸಾಯನಿಕವಾಗಿ ಪರಸ್ಪರ ಬೆಸೆದು ತಿಂಗಳುಗಟ್ಟಲೆ ಉಳಿಯುವಂತೆ ಮಾಡಿರುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ರೆಸ್ಟಿಲೇನ್ ಎಂಬ ಫಿಲ್ಲರ್‌ಗೆ 2003ರ ಡಿಸೆಂಬರಿನಲ್ಲಿ ಅನುಮತಿ ನೀಡಿತು. ಜಾಹೀರಾತುಗಳು ಕ್ರೀಮಿನಿಂದ ನಿರೀಕ್ಷಿಸುವಂತೆ ಮಾಡುವ 'ತುಂಬಿದ ಕೆನ್ನೆ' ವಾಸ್ತವದಲ್ಲಿ ಫಿಲ್ಲರಿನ ಫಲ. ಹೊರಗೆ ಹಚ್ಚಿದ ಯಾವ ಸೀರಮ್ಮೂ ಅಷ್ಟು ಗಾತ್ರವನ್ನು ಡರ್ಮಿಸ್‌ಗೆ ತಲುಪಿಸಲಾರದು.

ಫಿಲ್ಲರ್ ಅಪಾಯರಹಿತವಲ್ಲ. ಜೆಲ್ ಆಕಸ್ಮಿಕವಾಗಿ ರಕ್ತನಾಳವನ್ನು ಹೊಕ್ಕು ಅಡ್ಡಗಟ್ಟಿದರೆ ಆ ಭಾಗದ ಚರ್ಮ ಸಾಯಬಹುದು. ಕಣ್ಣಿಗೆ ಹೋಗುವ ನಾಳ ಕಟ್ಟಿದರೆ ಶಾಶ್ವತ ಅಂಧತ್ವ ಬರಬಹುದು. ಅಂಥ ಸಂದರ್ಭದಲ್ಲಿ ವೈದ್ಯರು ಹೈಲುರಾನಿಡೇಸ್ ಕಿಣ್ವವನ್ನು ಚುಚ್ಚಿ ಜೆಲ್ಲನ್ನು ಕರಗಿಸಲು ಯತ್ನಿಸುತ್ತಾರೆ. ಇದು ತುರ್ತಾಗಿ ನಡೆಯಬೇಕಾದ ಕೆಲಸವಾದ್ದರಿಂದ ತರಬೇತಿ ಪಡೆದ ವೈದ್ಯರಲ್ಲದೆ ಬೇರೆಯವರಿಂದ ಫಿಲ್ಲರ್ ಹಾಕಿಸಿಕೊಳ್ಳುವುದು ಅಪಾಯಕಾರಿ. ಹಚ್ಚಲು ಮಾರುವ ಸೀರಮ್ ಚುಚ್ಚುಮದ್ದಿಗೆ ಬೇಕಾದಷ್ಟು ಕ್ರಿಮಿಶುದ್ಧವಾಗಿರುವುದಿಲ್ಲ. ಅದನ್ನು ಯಾವ ಕಾರಣಕ್ಕೂ ಚರ್ಮದೊಳಗೆ ಸೇರಿಸಬಾರದು. ಸೂಜಿಯಿಲ್ಲದೆ ಒತ್ತಡದಿಂದ ಹೈಲುರಾನಿಕ್ ಆಮ್ಲವನ್ನು ತುಟಿಗೆ ನುಗ್ಗಿಸುವ 'ಹೈಲುರಾನ್ ಪೆನ್' ಎಂಬ ಉಪಕರಣಗಳು ಆನ್‌ಲೈನಿನಲ್ಲಿ ನೇರವಾಗಿ ಗ್ರಾಹಕರಿಗೆ ಮಾರಾಟವಾಗತೊಡಗಿದಾಗ, ಅವುಗಳಿಂದ ತುಟಿ, ಚರ್ಮ ಮತ್ತು ಕಣ್ಣಿಗೆ ಶಾಶ್ವತ ಹಾನಿಯಾಗಬಹುದೆಂದು ಅದೇ ಆಡಳಿತವು 2021ರ ಅಕ್ಟೋಬರಿನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು.